ಒಂದೇ ಎಲೆ ಬಾಕಿ

ಈ ಬರಹ ಡ್ರಾಫ್ಟಿನಲ್ಲಿ ಮೂರು ವರ್ಷದಿಂದ ಮಲಗಿತ್ತು. ಅರ್ಧ ಬರೆಯೋದು, ನಾಚಿಕೆ ಆಗೋದು, ಮುಚ್ಚಿಡೋದು... ಹೀಗೇ ನಡೆದಿತ್ತು. ಮೊನ್ನೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದ: "ಒಂದೇ ಕಾರ್ಡ್ ಬೇಕಿತ್ತು ಮಚ್ಚಾ, ಒಂದೇ ಕಾರ್ಡು! ಬಂದಿದ್ರೆ ಎಲ್ಲಾ ವಾಪಸ್ ಬರ್ತಿತ್ತು." ಆ ದನಿ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಅದು ನನ್ನದೇ ದನಿ. ಮನೆಗೆ ಬಂದವನೇ ಡ್ರಾಫ್ಟು ತೆಗೆದೆ.

ಇಸ್ಪೀಟು ಅಂದರೆ ಮೂಗು ಮುರಿಯುವವರು ಇಲ್ಲಿಂದಲೇ ಎದ್ದು ಹೋಗಬಹುದು, ಬೇಜಾರಿಲ್ಲ :)

ನನಗೆ ಎಲೆ ಹಿಡಿಯೋದು ಕಲಿಸಿದ್ದು ನಮ್ಮ ಸೋದರಮಾವ. ರಾಜಾಜಿನಗರ ನಾಲ್ಕನೇ ಬ್ಲಾಕಿನಲ್ಲಿ ಅವರ ಮನೆ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ವರ್ಷವಿಡೀ ಇಸ್ಪೀಟು ಮುಟ್ಟದ ಮನುಷ್ಯ ಶಿವರಾತ್ರಿ ಬಂತೆಂದರೆ ಬೇರೆಯೇ ಆಗುತ್ತಿದ್ದರು. ಕಾಡುಮಲ್ಲೇಶ್ವರನ ದರ್ಶನ ಮುಗಿಸಿ ಬಂದು, ಹಣ್ಣು ಹಾಲು ತೆಗೆದುಕೊಂಡು, ಹಾಲಿನಲ್ಲಿ ಜಮಖಾನ ಹಾಸಿ ಎರಡು ಪ್ಯಾಕು ಕಲೆಸಲು ಕೂತರೆ ಬೆಳಗಿನ ಜಾವದವರೆಗೂ ರಮ್ಮಿ. ದುಡ್ಡಿಲ್ಲ. ಅತ್ತೆ ಡಬ್ಬಿಯಲ್ಲಿ ಕೂಡಿಟ್ಟ ಹುಣಸೆ ಬೀಜವೇ ನಮ್ಮ ನಾಣ್ಯ. ಜಾಗರಣೆಯೂ ಆಯಿತು, ಆಟವೂ ಆಯಿತು.

ರಮ್ಮಿ ಗೊತ್ತಿಲ್ಲದವರಿಗೆ ಎರಡು ಮಾತು. ಕೈಗೆ 13 ಎಲೆ. ಒಂದೊಂದೇ ಎತ್ತಿ ಒಂದೊಂದೇ ಬಿಸಾಕುತ್ತಾ ಜೋಡಿಸಬೇಕು. ಜೋಕರ್ ಇಲ್ಲದ ಒಂದು ಸಾಲು ಮೊದಲು ಆಗಲೇಬೇಕು, ಅದಕ್ಕೆ ನಮ್ಮ ಕಡೆ 'ಲೈಫ್' ಅನ್ನುತ್ತೇವೆ. ಲೈಫ್ ಆಗುವ ಮುಂಚೆ ಬೇರೆಯವರು ಶೋ ಹೊಡೆದರೆ ನಿಮ್ಮ ಕೈಯ ಎಲೆಗಳನ್ನೆಲ್ಲ ಎಣಿಸಬೇಕು, 80ರವರೆಗೂ ಬೀಳಬಹುದು. ಕೈ ಸರಿಯಿಲ್ಲ ಅನ್ನಿಸಿದರೆ ಒಂದೂ ಎಲೆ ಎತ್ತದೆ 'ಸ್ಕೂಟ್' ಹೇಳಿ ಇಳಿಯಬಹುದು, ಬರೀ 20. ಆಟ ಶುರು ಮಾಡಿ ನಡುವೆ ಇಳಿದರೆ 40. ನಮ್ಮದು 101ರ ಆಟ. 101 ಮುಟ್ಟಿದವನು ಔಟ್, ಹೋಗಿ ಮಲಗಬೇಕು. ಶಿವರಾತ್ರಿ ದಿನ ಮಲಗೋದು ಅಂದರೆ ಎಷ್ಟು ಅವಮಾನ ಯೋಚಿಸಿ!

ಮಾಮ ಕಲಿಸಿದ್ದು ಒಂದೇ ಪ್ರಶ್ನೆ: "ಎಷ್ಟು ಎಲೆ ಕಾಯ್ತಿದೀಯ?"

ಕೈಯಲ್ಲಿ ಆಟೀನ್ 6 ಮತ್ತು 8 ಇದೆ ಅನ್ನಿ. ನಡುವಿನ 7 ಒಂದೇ ಬೇಕು. ಎರಡು ಪ್ಯಾಕಿರುವುದರಿಂದ ಅಂಥವು ಎರಡೇ ಎಲೆ. ಅದೇ 6 ಮತ್ತು 7 ಇದ್ದರೆ 5 ಬಂದರೂ ಆಯಿತು, 8 ಬಂದರೂ ಆಯಿತು, ಒಟ್ಟು ನಾಲ್ಕು ಎಲೆ. ಅದರ ಜೊತೆ ಇಸ್ಪೀಟ್ 7 ಇದ್ದರೆ ಡೈಮಂಡ್ 7, ಕಳಾವರ್ 7 ಸಹ ಕೆಲಸಕ್ಕೆ ಬರುತ್ತವೆ. ಒಟ್ಟು ಎಂಟು! ಮೂರೇ ಎಲೆ, ಇನ್ನೂ ಏನೂ ಆಗಿಲ್ಲ, ಆದರೂ ಎಂಟು ಬಾಗಿಲು ತೆರೆದಿವೆ. ಮಾಮ ಇದಕ್ಕೆ "ಬಸುರಿ ಕೈ" ಅನ್ನುತ್ತಿದ್ದರು. ಅತ್ತೆ ಅಡುಗೆಮನೆಯಿಂದಲೇ "ಮಕ್ಕಳ ಮುಂದೆ ಏನ್ರೀ ಮಾತು" ಅಂತ ಬೈಯುತ್ತಿದ್ದರು.

ಎಣಿಸುವುದು ಅಲ್ಲಿಗೇ ನಿಲ್ಲುವುದಿಲ್ಲ. ಎರಡು ಸುತ್ತು ಆದಮೇಲೆ ಯಾರೋ ಆಟೀನ್ 8 ಬಿಸಾಕುತ್ತಾರೆ, ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಎಂಟು ಏಳಾಯಿತು. ಕಳಾವರ್ 7 ಬಿದ್ದು ಅದರ ಮೇಲೆ ಇನ್ನೊಂದು ಎಲೆ ಕೂತಿತು. ಆರಾಯಿತು. ನಮ್ಮ ಕೈಯಲ್ಲಿರುವ ಎಲೆ ಬದಲಾಗಿಲ್ಲ, ಆದರೆ ಕೈಯ ಬೆಲೆ ಕರಗುತ್ತಾ ಇದೆ. ಹುಡುಗನಾಗಿದ್ದಾಗ ನಾನು ಮೊದಲು ಎಣಿಸಿದ್ದನ್ನೇ ಹಿಡಿದುಕೊಂಡು ಕೂರುತ್ತಿದ್ದೆ. ಮಾಮ ತಲೆಗೊಂದು ಮೊಟಕಿ, "ಬಿದ್ದ ಎಲೆ ಲೆಕ್ಕ ಯಾರು ಕಳೀತಾರೋ, ನಿಮ್ಮಪ್ಪಾನಾ?" ಅನ್ನುತ್ತಿದ್ದರು.

(1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಪ್ರಧಾನವಾಗಿ ಕೌಶಲದ ಆಟ ಅಂದಿದ್ದಕ್ಕೂ ಕಾರಣ ಹೆಚ್ಚುಕಡಿಮೆ ಇದೇ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ಜಾಣತನದಿಂದ ತೀರ್ಮಾನಿಸಬೇಕು ಅಂತ. ಆಂಧ್ರದ ಒಂದು ಕ್ಲಬ್ಬಿನ ಕೇಸು ಅದು. ಮಾಮನಿಗೆ ಇದನ್ನು ಹೇಳಿದಾಗ "ಅಷ್ಟು ದೊಡ್ಡ ಜಡ್ಜು ಬೇಕಿತ್ತಾ ಇದಕ್ಕೆ" ಅಂದಿದ್ದರು.)

ಪೋಕರ್ ನನಗೆ ಸಿಕ್ಕಿದ್ದು 2011ರಲ್ಲಿ, ವಿಜಯನಗರದಲ್ಲಿ ಆಫೀಸಿನ ಗೆಳೆಯನೊಬ್ಬನ ಮನೆ ತಾರಸಿ ಮೇಲಿನ ರೂಮಿನಲ್ಲಿ. ಶನಿವಾರ ರಾತ್ರಿ ಆರು ಜನ, ತಲೆಗೆ ನೂರು ರೂಪಾಯಿ, ಗೆದ್ದವನು ಬೆಳಗ್ಗೆ ಎಲ್ಲರಿಗೂ ಇಡ್ಲಿ ವಡೆ ಕಾಫಿ ಕೊಡಿಸಬೇಕು. ಅಂದರೆ ಗೆದ್ದರೂ ಉಳಿಯುವುದು ಅಷ್ಟರಲ್ಲೇ ಇತ್ತು.

ಇಲ್ಲಿ ಒಂದೇ ಪ್ಯಾಕು. ಒಬ್ಬೊಬ್ಬರ ಕೈಗೆ ಎರಡೆರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತಕ್ಕೂ ಪಣ. 'ನೋ ಲಿಮಿಟ್' ಅಂದರೆ ಯಾವ ಹಂತದಲ್ಲಾದರೂ ಮುಂದಿರುವ ಚಿಪ್ಪನ್ನೆಲ್ಲ ಒಟ್ಟಿಗೆ ತಳ್ಳಬಹುದು. ರಮ್ಮಿಯಲ್ಲಿ ಎದುರಿನವನನ್ನು ಹೆದರಿಸಿ ಇಳಿಸುವ ದಾರಿ ಇಲ್ಲ. ಪೋಕರಿನಲ್ಲಿ ಅದೇ ಅರ್ಧ ಆಟ.

ಒಂದು ಕೈ ಇವತ್ತಿಗೂ ನೆನಪಿದೆ. ನನ್ನ ಹತ್ತಿರ ಆಟೀನ್ 9, ಆಟೀನ್ 10. ನಡುವೆ ಬಿದ್ದಿದ್ದು ಆಟೀನ್ 8, ಕಳಾವರ್ ಗುಲಾಮ, ಆಟೀನ್ 2. ನನ್ನ ಕೈಯಲ್ಲಿ ಒಂದು ಜೊತೆ ಕೂಡ ಇಲ್ಲ. ಆದರೆ ಮಾಮನ ಪ್ರಶ್ನೆ ಕೇಳಿಕೊಂಡೆ, ಎಷ್ಟು ಎಲೆ ಕಾಯ್ತಿದೀನಿ? ಇನ್ನೊಂದು ಆಟೀನ್ ಬಂದರೆ ಐದೂ ಒಂದೇ ಬಣ್ಣ, ಅದಕ್ಕೆ 9 ಎಲೆ ಬಾಕಿ. 7 ಅಥವಾ ರಾಣಿ ಬಂದರೆ ಐದರ ಸಾಲು, ಅದಕ್ಕೆ 8 ಎಲೆ. ಆಟೀನ್ 7 ಮತ್ತು ಆಟೀನ್ ರಾಣಿ ಎರಡು ಕಡೆಯೂ ಎಣಿಕೆಯಾಗಿವೆ, ಎರಡು ಕಳೆಯಿರಿ. ಒಟ್ಟು 15. ನಾನು ನೋಡದ ಎಲೆ 47, ಇನ್ನೂ ಎರಡು ಬೀಳಬೇಕು. ಎರಡರಲ್ಲಿ ಒಂದಾದರೂ ನನ್ನದಾಗುವ ಸಾಧ್ಯತೆ ನೂರಕ್ಕೆ 54!

ಎದುರಿನವನ ಹತ್ತಿರ ಎಕ್ಕ ಮತ್ತು ಗುಲಾಮ, ಅಂದರೆ ಗುಲಾಮನ ಜೊತೆ ಆಗಿಬಿಟ್ಟಿದೆ (ಆಮೇಲೆ ತೋರಿಸಿದ). ಆ ಕ್ಷಣಕ್ಕೆ ಗೆಲ್ಲುತ್ತಿರುವವನು ಅವನು. ಆದರೂ ಇನ್ನೆರಡು ಎಲೆ ಬೀಳುವಷ್ಟರಲ್ಲಿ ಅವನಿಗಿಂತ ನನಗೇ ಒಂದು ಕೂದಲೆಳೆ ಹೆಚ್ಚು ಅವಕಾಶ. ಅವನು ಪಣ ಇಟ್ಟ. ನಾನು ಇದ್ದಿದ್ದನ್ನೆಲ್ಲ ತಳ್ಳಿದೆ. ಐದು ನಿಮಿಷ ತಲೆ ಕೆರೆದುಕೊಂಡು ಇಳಿದುಬಿಟ್ಟ.

ಪೋಕರ್ ಪುಸ್ತಕ ಬರೆದ ಡೇವಿಡ್ ಸ್ಕ್ಲಾನ್ಸ್ಕಿ ಇದಕ್ಕೆ 'ಸೆಮಿ ಬ್ಲಫ್' ಅಂತ ಹೆಸರಿಟ್ಟ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೆಲ್ಲಲು ಎರಡು ದಾರಿ: ಎದುರಿನವನು ಹೆದರಿ ಇಳಿಯಬಹುದು, ಇಳಿಯದಿದ್ದರೆ ನಮ್ಮ ಎಲೆ ಬರಬಹುದು. ಹತ್ತು ಸಲದಲ್ಲಿ ಮೂರು ಸಲ ಅವನು ಇಳಿದ ಅನ್ನಿ. ಉಳಿದ ಏಳರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಮ್ಮದು. ಹತ್ತಕ್ಕೆ ಹೆಚ್ಚುಕಡಿಮೆ ಏಳು! ಅದೂ ಇನ್ನೂ ಏನೂ ಆಗದ ಕೈಯಿಂದ!

ಆದರೆ ಇದರಲ್ಲಿ ಎರಡು ಮುಳ್ಳಿವೆ. ಒಂದು, ನಮ್ಮ ಎಲೆ ಬಂದೂ ಸೋಲಬಹುದು. ನನ್ನ 9-10 ಆಟೀನ್ ಮುಂದೆ ಇನ್ನೊಬ್ಬನ ಹತ್ತಿರ ಆಟೀನ್ ಎಕ್ಕ ಮತ್ತು ಇನ್ನೊಂದು ಆಟೀನ್ ಇದ್ದರೆ, ನಾನು ಕಾಯುವ ಆಟೀನೇ ನನ್ನ ಕುತ್ತಿಗೆಗೆ ಬರುತ್ತದೆ. ಎರಡು, ಸಮಯ. ನಾಲ್ಕನೇ ಎಲೆ ಬಿತ್ತು, ನನ್ನದು ಬರಲಿಲ್ಲ ಅನ್ನಿ. ಬಾಕಿ ಎಲೆ ಈಗಲೂ 15ರೇ. ಆದರೆ ಬೀಳಬೇಕಿರುವುದು ಒಂದೇ. 54 ಇದ್ದದ್ದು 33ರ ಹತ್ತಿರಕ್ಕೆ ಬಂತು. ಈಗ ಎದುರಿನವನು ನಡುವೆ ಎಷ್ಟಿದೆಯೋ ಅಷ್ಟೇ ಪಣ ಇಟ್ಟರೆ, ನಾನು ಒಂದು ಕೊಟ್ಟು ಎರಡು ಗೆಲ್ಲಬೇಕು, ಅಂದರೆ ಮೂರಕ್ಕೊಂದು ಸಲ ಗೆದ್ದರೆ ಸಮಕ್ಕೆ ಸಮ. ಒಂದು ನಿಮಿಷದ ಹಿಂದೆ ರಾಜನಂತಿದ್ದ ಕೈ ಈಗ ಅಸಲು ಸಹ ಗಿಟ್ಟದ ಅಂಚಿನಲ್ಲಿದೆ. ಎಲೆ ಅದೇ, ಬೆಲೆ ಬೇರೆ. ಮಾಮನ ಮೊಟಕು ನೆನಪಾಗಬೇಕಾದದ್ದು ಇಲ್ಲಿ.

ನನಗೆ ನೆನಪಾಗಲಿಲ್ಲ.

2020ರ ಲಾಕ್‌ಡೌನಿನಲ್ಲಿ ಶನಿವಾರದ ಆಟ ನಿಂತಿತು. ಫೋನಿನಲ್ಲಿ ಒಂದು ಪೋಕರ್ ಆಪ್ ಹಾಕಿಕೊಂಡೆ. ಹೆಸರು ಬೇಡ. ಮೊದಲು ಐನೂರು ರೂಪಾಯಿ. ಮೊದಲ ತಿಂಗಳು ಗೆದ್ದೆ ಕೂಡ. ಲೆಕ್ಕ ಗೊತ್ತಿದೆಯಲ್ಲ, ಎದುರಿಗಿರುವವರು ಎಣಿಸದೆ ಆಡುವವರು ಅನ್ನೋ ಜಂಬ. ತಾರಸಿಯಲ್ಲಿ ಒಂದು ರಾತ್ರಿಗೆ ನಲವತ್ತು ಐವತ್ತು ಕೈ ಆಡುತ್ತಿದ್ದೆವು. ಫೋನಿನಲ್ಲಿ ಅಷ್ಟು ಕೈ ಒಂದು ಗಂಟೆಯೊಳಗೆ ಮುಗಿಯುತ್ತಿತ್ತು. ಪ್ರತಿ ಆಟದ ದುಡ್ಡಿನಲ್ಲೂ ಆಪಿನವರಿಗೆ ಒಂದು ಪಾಲು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆಗ ನಾವು ಭೋಗ್ಯಕ್ಕೆ ಮನೆ ಹಿಡಿಯಲು ದುಡ್ಡು ಕೂಡಿಸುತ್ತಿದ್ದೆವು. ವಿಜಯನಗರದ ಬಾಡಿಗೆ ಕೈ ಕಚ್ಚುತ್ತಿತ್ತು, ಕೆಂಗೇರಿ ಕಡೆ ಎಂಟು ಲಕ್ಷಕ್ಕೆ ಎರಡು ರೂಮಿನ ಮನೆ ನೋಡಿದ್ದೆವು. ಐದೂವರೆ ಲಕ್ಷ ಸೇರಿತ್ತು, ಅದರಲ್ಲಿ ನನ್ನವಳ ಚೀಟಿ ದುಡ್ಡೂ ಇತ್ತು. 2021ರ ಆಗಸ್ಟ್ ಕೊನೆಗೆ ಕೆಂಗೇರಿವರೆಗೂ ಮೆಟ್ರೋ ಓಡಲು ಶುರುವಾದಾಗ ಅವಳಿಗೆ ಸಂಭ್ರಮ, "ಇನ್ನು ಆಫೀಸಿಗೆ ಹೋಗೋದು ಸಲೀಸು, ಓನರ್‌ಗೆ ಅಡ್ವಾನ್ಸ್ ಕೊಡೋಣ್ವಾ?" ಅಂದಳು. ಖಾತೆಯಲ್ಲಿ ಉಳಿದಿದ್ದು ಎರಡು ಲಕ್ಷ ನಲವತ್ತು ಸಾವಿರ. "ಓನರ್ ಊರಲ್ಲಿಲ್ಲ" ಅಂದೆ. ಸುಳ್ಳು.

ಮೂರು ಲಕ್ಷ ಹೋಗಿದ್ದು ಕೆಟ್ಟ ಕೈಗಳಿಂದಲ್ಲ. ಅದನ್ನೇ ನಾನು ಹೇಳಬೇಕು ಅಂತಿರೋದು. ಹೋಗಿದ್ದು ಒಳ್ಳೆ ಕೈಗಳಿಂದ. 15 ಎಲೆ ಕಾಯುವ ಕೈ, 12 ಎಲೆ ಕಾಯುವ ಕೈ. ಪುಸ್ತಕ ನೋಡಿದರೆ ಬಹುಪಾಲು ಸರಿಯಾಗಿಯೇ ಆಡಿದ್ದೆ. ಆದರೆ ನೂರಕ್ಕೆ 54 ಅಂದರೆ ನೂರಕ್ಕೆ 46 ಸಲ ಸೋಲು ಅಂತಲೂ ಅರ್ಥ. ಇಂಥ ಕೈ ಮೂರು ಸಲ ಸಾಲಾಗಿ ಸೋಲುವುದು ಹತ್ತಕ್ಕೊಂದು ಸಲ ನಡೆಯುವ ಮಾತು. ರಾತ್ರಿ ಒಂದು ಗಂಟೆಗೆ ಮೂರನೇ ಸಲ ಸೋತವನು ನಾಲ್ಕನೇ ಸಲಕ್ಕೆ ದೊಡ್ಡ ಮೇಜಿಗೆ ಹೋಗುತ್ತಾನೆ, ಯಾಕೆಂದರೆ "ಲೆಕ್ಕ ನನ್ನ ಕಡೆ ಇದೆ". ಕೈಯ ಲೆಕ್ಕ ಇತ್ತು. ಖಾತೆಯ ಲೆಕ್ಕ ಇರಲಿಲ್ಲ.

ಆ ದಿನಗಳಲ್ಲಿ ಒಂದು ವಿಡಿಯೋ ಎಷ್ಟು ಸಲ ನೋಡಿದೆನೋ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್. ಅಮೆರಿಕದ ಒಬ್ಬ ಅಕೌಂಟೆಂಟು, ಹೆಸರು ಕ್ರಿಸ್ ಮನಿಮೇಕರ್ (ನಿಜವಾದ ಹೆಸರೇ, ನಾನಿಟ್ಟಿದ್ದಲ್ಲ), ಎದುರಿಗೆ ಪಳಗಿದ ಆಟಗಾರ ಸ್ಯಾಮಿ ಫರ್ಹಾ. ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ, ಆಟೀನ್ 7. ನಾಲ್ಕು ಎಲೆ ಬಿದ್ದಾಗ ಅವನೂ ನನ್ನ ಹಾಗೇ 15 ಎಲೆ ಕಾಯುತ್ತಿದ್ದ: ಒಂದು ಇಸ್ಪೀಟ್, ಇಲ್ಲವೇ 5, ಇಲ್ಲವೇ 10. ಐದನೆಯದು ಆಟೀನ್ 3, ಯಾವುದೂ ಬರಲಿಲ್ಲ. ಕೈಯಲ್ಲಿ ರಾಜ ಬಿಟ್ಟರೆ ಏನೂ ಇಲ್ಲ. ಇದ್ದಿದ್ದನ್ನೆಲ್ಲ ತಳ್ಳಿದ. 9ರ ಜೊತೆ ಇಟ್ಟುಕೊಂಡು ಗೆಲ್ಲುತ್ತಿದ್ದ ಫರ್ಹಾ ಇಳಿದುಬಿಟ್ಟ. ಮನಿಮೇಕರ್‌ಗೆ ಕೊನೆಗೆ 25 ಲಕ್ಷ ಡಾಲರ್.

ನಾನು ಅದರಲ್ಲಿ ನೋಡಿದ್ದು ಧೈರ್ಯ. ನೋಡದೆ ಬಿಟ್ಟದ್ದು ಏನು ಗೊತ್ತಾ? ಆತ ಆ ಟೂರ್ನಮೆಂಟಿಗೆ ಬಂದದ್ದು ಆನ್‌ಲೈನಿನ ಒಂದು ಸಣ್ಣ ಅರ್ಹತಾ ಆಟ ಗೆದ್ದು, ಕೆಲವೇ ಡಾಲರ್ ಕಟ್ಟಿ. ಎಲ್ಲಾ ಚಿಪ್ಪು ತಳ್ಳಿ ಸೋತಿದ್ದರೂ ಅವನ ಹೆಂಡತಿಯ ಚೀಟಿ ದುಡ್ಡು ಹೋಗುತ್ತಿರಲಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ ಮಾಮ ಬಂದಿದ್ದರು. ಊಟವಾದ ಮೇಲೆ ತಾಂಬೂಲ ಹಾಕಿಕೊಳ್ಳುತ್ತಾ "ಯಾಕೋ ಮರಿ, ಮುಖ ಬಾಡಿದೆ" ಅಂದರು. ತಾರಸಿಗೆ ಕರೆದುಕೊಂಡು ಹೋಗಿ ಎಲ್ಲಾ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ ನಿಂತು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು:

"ಹೋದ ದುಡ್ಡು ವಾಪಸ್ ಬರೋಕೆ ಎಷ್ಟು ಎಲೆ ಕಾಯ್ತಿದೀಯ?"

ಉತ್ತರ ಇರಲಿಲ್ಲ. ಪ್ರತಿ ಕೈಯನ್ನೂ ಎಣಿಸಿದ್ದೆ, ಇದೊಂದನ್ನು ಎಣಿಸಿರಲಿಲ್ಲ. ಹತ್ತು ತಿಂಗಳಿಂದ ಲೈಫ್ ಇಲ್ಲದ ಕೈ ಹಿಡಿದುಕೊಂಡು ಎಲೆ ಎತ್ತುತ್ತಲೇ ಇದ್ದೆ. "ಇಪ್ಪತ್ತಕ್ಕೆ ಇಳೀಬೇಕಿತ್ತು, ಇಳೀಲಿಲ್ಲ. ಈಗ ನಲವತ್ತಕ್ಕಾದ್ರೂ ಇಳಿ. ಎಂಬತ್ತು ಕೊಡಬೇಡ. ಮೊದಲು ಕೆಳಗೆ ಹೋಗಿ ಅವಳಿಗೆ ಹೇಳು" ಅಂದರು.

ಹೇಳಿದೆ. ಆ ರಾತ್ರಿಯದನ್ನು ಬರೆಯಲಾರೆ. ಅವಳು ಕೂಗಾಡಲಿಲ್ಲ ಅನ್ನುವುದಷ್ಟೇ ಬರೆಯುತ್ತೇನೆ. ಮರುದಿನ ಬ್ಯಾಂಕಿನ ಕಾರ್ಡು, ಪಾಸ್‌ಬುಕ್ಕು ಎರಡೂ ಅವಳ ಬೀರುವಿಗೆ ಹೋದವು.

ಮುಂದಿನ ತಿಂಗಳೇ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನನಗೆ ಅದು ದೇವರೇ ಕೊಡಿಸಿದ ಸ್ಕೂಟ್. ಆದರೆ 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನು ಜೂಜಿನ ಜೊತೆ ಒಂದೇ ತಕ್ಕಡಿಗೆ ಹಾಕುವ ಹಾಗಿಲ್ಲ ಅನ್ನುವ ವಾದ ಗೆದ್ದಿತು. ಸ್ವಲ್ಪ ದಿನಕ್ಕೇ ಫೋನಿಗೆ ಮೆಸೇಜು, ವಾಪಸ್ ಬಂದರೆ ಬೋನಸ್ಸಂತೆ. ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಅಳಿಸಿದೆ. ಅಳಿಸಿದ್ದು ವೈರಾಗ್ಯದಿಂದ ಅಂದುಕೊಳ್ಳಬೇಡಿ, ಖಾತೆಯ ಕಾರ್ಡು ನನ್ನ ಹತ್ತಿರ ಇರಲಿಲ್ಲ.

(2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸಿತು, ಕೌಶಲವೋ ಅದೃಷ್ಟವೋ ಅನ್ನುವ ಭೇದ ಇಲ್ಲದೆ. ಕೌಶಲದ ಆಟ ಹೌದೋ ಅಲ್ಲವೋ ಅಂತ ನನ್ನನ್ನು ಕೇಳಿದರೆ, ಹೌದು ಅಂತಲೇ ಹೇಳುತ್ತೇನೆ. ನನ್ನ ಮೂರು ಲಕ್ಷವನ್ನು ಆ ಕೌಶಲ ಉಳಿಸಲಿಲ್ಲ ಅಂತಲೂ ಹೇಳುತ್ತೇನೆ.)

ಅದೇ ಮಾರ್ಚ್ ಒಂದಕ್ಕೆ ಶಿವರಾತ್ರಿ. ಮಾಮನ ಮನೆಯಲ್ಲಿ ಅದೇ ಜಮಖಾನ, ಅದೇ ಹುಣಸೆ ಬೀಜ. ನನಗೆ ಮನಸ್ಸಿರಲಿಲ್ಲ, ನನ್ನವಳೇ "ಆಡಿ, ನಾನೂ ಆಡ್ತೀನಿ" ಅಂತ ಪಕ್ಕದಲ್ಲಿ ಕೂತಳು. ನಡುರಾತ್ರಿ ದಾಟಿರಬೇಕು, ನನಗೊಂದು ಕೈ ಬಂತು. ಎರಡು ಜೋಕರ್. ಆಟೀನ್ 6, 7, ಪಕ್ಕದಲ್ಲಿ ಇಸ್ಪೀಟ್ 7. ಕಳಾವರ್ 10, ಗುಲಾಮ. ಲೈಫ್ ಮಾತ್ರ ಆಗಿಲ್ಲ. ಎದೆ ಡವಡವ ಅಂತು. ಬರೀ ಹುಣಸೆ ಬೀಜಕ್ಕೆ! ಎಲೆ ಮುಚ್ಚಿಟ್ಟು "ಸ್ಕೂಟ್" ಅಂದೆ.

ಆಟ ಮುಗಿದ ಮೇಲೆ ಮಾಮ ನನ್ನ ಎಲೆಗಳನ್ನು ತಿರುಗಿಸಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು.

"ಲೈಫ್‌ಗೇ ಎಂಟು ಎಲೆ ಕಾಯ್ತಾ ಇದೆ. ಒಂದೂ ಬಿದ್ದಿಲ್ಲ. ಮೇಲೆ ಎರಡು ಜೋಕರ್ರು. ಇದನ್ನ ಇಳೀತಾರೇನೋ ದಡ್ಡ?"

"ಹೆದರಿಕೆ ಆಯ್ತು ಮಾಮ."

"ಹೆದರಿ ಇಳಿಯೋದು ಬೇರೆ ಕಣೋ, ಎಣಿಸಿ ಇಳಿಯೋದು ಬೇರೆ. ನೀನು ಆಗಲೂ ಎಣಿಸ್ಲಿಲ್ಲ, ಈಗಲೂ ಎಣಿಸ್ಲಿಲ್ಲ."

ನನ್ನವಳು ನಕ್ಕಳು. ಆರು ತಿಂಗಳಲ್ಲಿ ನನ್ನ ಮುಂದೆ ಹಾಗೆ ನಕ್ಕಿದ್ದು ಅದೇ ಮೊದಲು. ಅವಳ ಮುಂದೆ ಹುಣಸೆ ಬೀಜದ ಗುಡ್ಡೆ ಇತ್ತು, ಅದರಿಂದ ಒಂದು ಹಿಡಿ ತೆಗೆದು ನನ್ನ ಕಡೆ ತಳ್ಳಿದಳು. "ಸಾಲ. ಬಡ್ಡಿ ಇದೆ" ಅಂದಳು.

ಭೋಗ್ಯದ ಮನೆ ಆಗಲು ಇನ್ನೂ ಎರಡು ವರ್ಷ ಬೇಕಾಯಿತು. ನಾವು ನೋಡಿದ್ದ ಮನೆ ಅಲ್ಲ, ಸ್ವಲ್ಪ ಒಳಗೆ, ಕೆಂಗೇರಿ ಸ್ಟೇಷನ್ನಿಂದ ಹದಿನೈದು ನಿಮಿಷ ನಡಿಗೆ. ಆ ನಡಿಗೆಯ ಹದಿನೈದು ನಿಮಿಷ ನನ್ನ ಲೆಕ್ಕದಲ್ಲಿ ಬರೆದಿರುವ ನಲವತ್ತು.

ಮೆಟ್ರೋದಲ್ಲಿ ಸಿಕ್ಕ ಆ ಹುಡುಗನಿಗೆ ಏನಾದರೂ ಹೇಳಬೇಕಿತ್ತು. ರೈಲು ಬಂತು, ಅವನು ಬೇರೆ ಬೋಗಿ ಹತ್ತಿದ. ಹೇಳುವುದಿದ್ದರೂ ಬೇರೆ ಏನಿತ್ತು? ಮಾಮನ ಪ್ರಶ್ನೆಯೇ.

ನಿಮ್ಮ ಮನೆಯ ಶಿವರಾತ್ರಿ ಜಾಗರಣೆ ಹೇಗಿರುತ್ತಿತ್ತು? ನಾಣ್ಯದ ಬದಲು ಏನಿಟ್ಟು ಆಡುತ್ತಿದ್ದಿರಿ? ತಿಳಿಸಿ. ಬೈಯೋದಿದ್ದರೂ ಬೈಯಿರಿ, ಈಗ ಅಭ್ಯಾಸವಾಗಿದೆ :)